ಸುಳ್ಳು ವಿಳಾಸದ ಮೋಸ: ಕಚೇರಿಯ ಜಾಲದಲ್ಲಿ ವಹಿಸಬೇಕಾದ ಎಚ್ಚರ



ಕಳೆದ ತಿಂಗಳು ಬೆಂಗಳೂರಿನ ಅರೆಕೆರೆಯಲ್ಲಿ ಮಗನ ಬಾಡಿಗೆ ಮನೆಗೆ ಹೋಗಿದ್ದೆ. ಕಟ್ಟಡದ ಅಷ್ಟೂ ಮನೆಗಳಿಗೆ ಒಂದೇ ವೈಫೈ. ಅದರಲ್ಲಿ ಸಂಘದ ಬ್ಯಾಂಕ್ ಖಾತೆಯನ್ನು ತೆರೆಯಹೊರಟಾಗ 'ಈ ಸಂಪರ್ಕ ಸುರಕ್ಷಿತವಲ್ಲ' ಎಂಬ ಎಚ್ಚರಿಕೆ ಬಂತು. ಅವಸರದಲ್ಲಿ 'ಮುಂದುವರಿ' ಎಂಬುದನ್ನು ಒತ್ತುವವನಿದ್ದೆ. ಮಗ ಕೈ ಹಿಡಿದ. ಕಾರಣವೇನೆಂದು ಕೊನೆಗೂ ತಿಳಿಯಲಿಲ್ಲ. ಆದರೆ ಆ ರಾತ್ರಿ ಅವನು ಹೇಳಿದ ವಿಷಯ ಸದಸ್ಯರೆಲ್ಲರೂ ತಿಳಿದಿರತಕ್ಕದ್ದು.

ಒಂದೇ ಜಾಲದ ಯಂತ್ರಗಳಿಗೆ ಎರಡು ಗುರುತುಗಳಿರುತ್ತವೆ. ಒಂದು 192.168.1.1 ಎಂಬಂಥ ಐಪಿ ವಿಳಾಸ. ಇನ್ನೊಂದು ತಯಾರಕರು ಕೊಟ್ಟ 12 ಅಂಕಾಕ್ಷರಗಳ ಯಂತ್ರಸಂಖ್ಯೆ. ಕಂಪ್ಯೂಟರಿಗೆ ಹೊರಗಿನ ದಾರಿ ಬೇಕಾದಾಗ ಅದು 'ಈ ವಿಳಾಸ ಯಾರದು?' ಎಂದು ಎಲ್ಲರಿಗೂ ಕೇಳುವಂತೆ ಕೂಗುತ್ತದೆ. 'ನನ್ನದು' ಎಂದು ರೌಟರ್ ತನ್ನ ಯಂತ್ರಸಂಖ್ಯೆ ತಿಳಿಸುತ್ತದೆ. ಕಂಪ್ಯೂಟರು ಅದನ್ನು ಪಟ್ಟಿಯಲ್ಲಿ ಬರೆದುಕೊಳ್ಳುತ್ತದೆ, ಪರಿಶೀಲಿಸುವುದಿಲ್ಲ. ಇದಕ್ಕೆ ಎಆರ್‌ಪಿ ಎಂದು ಹೆಸರು. 1982ರ ನವೆಂಬರಿನಲ್ಲಿ ಡೇವಿಡ್ ಪ್ಲಮ್ಮರ್ ಎಂಬವರು ಬರೆದ ನಿಯಮವಿದು. ನಮ್ಮ ತಂದೆಯವರು ಕಾಫಿಯನ್ನೆಲ್ಲ ಮಂಡಳಿಯ ಪೂಲಿಗೇ ಕೊಡುತ್ತಿದ್ದ ಕಾಲ. ಜಾಲದಲ್ಲಿದ್ದವರೂ ಪರಸ್ಪರ ನಂಬಿಕಸ್ಥರೇ.

ಈಗ ಅದೇ ಜಾಲದೊಳಗೆ ಒಬ್ಬ ಕಳ್ಳನಿದ್ದಾನೆನ್ನಿ. ಕಂಪ್ಯೂಟರಿಗೆ 'ನಾನೇ ರೌಟರ್' ಎನ್ನುತ್ತಾನೆ, ರೌಟರಿಗೆ 'ನಾನೇ ಆ ಕಂಪ್ಯೂಟರು' ಎನ್ನುತ್ತಾನೆ. ಎರಡೂ ನಂಬುತ್ತವೆ. ಹೋಗಿಬರುವ ಮಾಹಿತಿಯೆಲ್ಲ ಅವನ ಕೈದಾಟಿಯೇ ಸಾಗುತ್ತದೆ. ತಲಪಬೇಕಾದದ್ದು ತಲಪುವುದರಿಂದ ಯಾರಿಗೂ ಸಂಶಯ ಬಾರದು. ವೈಫೈ ಗುಪ್ತಪದವೂ ಇಲ್ಲಿ ಕಾಯದು, ಏಕೆಂದರೆ ಅವನು ಒಳಗೇ ಇದ್ದಾನೆ.

ಬ್ಯಾಂಕಿನ ಪುಟಗಳು ಗೂಢಲಿಪಿಯಲ್ಲಿ ಸಾಗುವುದರಿಂದ ನಡುವಿನವನಿಗೆ ಸಿಗುವುದು ಮೊಹರು ಹಾಕಿದ ಲಕೋಟೆ ಮಾತ್ರ. ಅದನ್ನು ಒಡೆಯಲು ಅವನು ನಕಲಿ ಪ್ರಮಾಣಪತ್ರ ತೋರಿಸಿದರೆ ಬರುವುದೇ ಆ ಎಚ್ಚರಿಕೆ. ಅದನ್ನು ದಾಟಿದರೆ ಮೊಹರನ್ನು ನಾವೇ ಒಡೆದುಕೊಟ್ಟಂತೆ! ಆಗ ಮೊಬೈಲಿನ ಸ್ವಂತ ಡೇಟಾ ಬಳಸುವುದು ಲೇಸು.

ಪರೀಕ್ಷಿಸುವ ಕ್ರಮವೂ ಸುಲಭ. ವಿಂಡೋಸ್ ಕಂಪ್ಯೂಟರಿನ ಆಜ್ಞಾ ಕಿಟಕಿಯಲ್ಲಿ 'ಎಆರ್‌ಪಿ -ಎ' ಎಂಬ ಆಜ್ಞೆಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕೊಟ್ಟರೆ ಪಟ್ಟಿ ಕಾಣುತ್ತದೆ. ರೌಟರಿನ ಯಂತ್ರಸಂಖ್ಯೆಯೇ ಬೇರೊಂದು ವಿಳಾಸದ ಮುಂದೆಯೂ ಇದ್ದರೆ ಸಂಶಯಪಡಬೇಕು. (ಬರೀ ಎಫ್ ಅಕ್ಷರಗಳಿರುವ ಸಾಲುಗಳನ್ನು ಬಿಡಿ, ಅವು ಸಹಜ.) ರೌಟರಿನ ಸಂಖ್ಯೆಯನ್ನು ಪಟ್ಟಿಯಲ್ಲಿ ಕಾಯಂ ಆಗಿ ನಮೂದಿಸಲೂ ಬರುತ್ತದೆ, ನಮ್ಮ ಕಚೇರಿಯ ಎರಡು ಕಂಪ್ಯೂಟರುಗಳಿಗೆ ಹಾಗೆ ಮಾಡಿಸಿದ್ದೇನೆ. ದೊಡ್ಡ ಕಚೇರಿಗಳಲ್ಲಿ ಸುಳ್ಳು ಉತ್ತರಗಳನ್ನು ತಡೆಯುವ ಸ್ವಿಚ್ಚುಗಳನ್ನೇ ಹಾಕುತ್ತಾರೆ. ನಮಗೆ ಆ ಖರ್ಚು ಬೇಡ.

ಕಚೇರಿಯ ಗೋಡೆಯ ಮೇಲೆ ವೈಫೈ ಗುಪ್ತಪದ ಬರೆಸಿದವನು ನಾನೇ. ಅದನ್ನು ಅಳಿಸಿ, ಬದಲಾಯಿಸಿದ್ದಾಗಿದೆ. ಅಡಿಕೆ ತೂಕಕ್ಕೆ ಬಂದ ಸದಸ್ಯರ ಮೊಬೈಲುಗಳಿಗೆ ಇನ್ನು ಮುಂದೆ ಪ್ರತ್ಯೇಕ ಅತಿಥಿ ಜಾಲವಿರುತ್ತದೆ, ಲೆಕ್ಕಪತ್ರದ ಕಂಪ್ಯೂಟರುಗಳು ಅದರಲ್ಲಿರುವುದಿಲ್ಲ. ಯಾರದಾದರೂ ಹಣ ಹೋದದ್ದು ಕಂಡರೆ ನನಗಿಂತ ಮೊದಲು 1930ಕ್ಕೆ ಫೋನ್ ಮಾಡಿ.

— ಕಾರ್ಯದರ್ಶಿ