ಗಾಜಿನ ಮನೆಯಲ್ಲಿ ಆಕ್ಟೋಪಸ್

ಸಿಸಿಲಿ ದ್ವೀಪದ ಮೆಸ್ಸೀನಾ ಬಂದರು ಇಟಲಿಯ ದಕ್ಷಿಣ ತುದಿಗೆ ಎದುರಾಗಿ, ಕಿರಿದಾದ ಜಲಸಂಧಿಯೊಂದರ ದಡದಲ್ಲಿದೆ. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಜೀನ್ ಪವರ್ ಎಂಬ ಫ್ರೆಂಚ್ ಮಹಿಳೆಯೊಬ್ಬಳು ಈ ಊರಿನಲ್ಲಿ ನೆಲೆಸಿದ್ದಳು. ಪಾದರಕ್ಷೆ ಹೊಲಿಯುವವನ ಮಗಳಾಗಿ ಹುಟ್ಟಿ, ಪ್ಯಾರಿಸ್ಸಿನಲ್ಲಿ ಉಡುಪುಗಳಿಗೆ ಕಸೂತಿ ಹಾಕಿ ಬದುಕಿದ್ದ ಆಕೆಗೆ ವಿಜ್ಞಾನದ ಶಿಕ್ಷಣ ದೊರೆತಿರಲಿಲ್ಲ. ಮದುವೆಯಾಗಿ ಸಿಸಿಲಿಗೆ ಬಂದ ಮೇಲೆ ಕಡಲಿನ ಜೀವಿಗಳ ಬಗ್ಗೆ ಆಕೆಗೆ ಅಪಾರವಾದ ಕುತೂಹಲ ಹುಟ್ಟಿತು.

ಅಲ್ಲಿನ ಕಡಲಿನಲ್ಲಿ ಆರ್ಗೊನಾಟ್ ಎಂಬ ಒಂದು ಬಗೆಯ ಆಕ್ಟೋಪಸ್ ಇದೆ. ಇದರ ಹೆಣ್ಣು ಕಾಗದದಂತೆ ತೆಳುವಾದ ಬಿಳಿಯ ಚಿಪ್ಪಿನೊಳಗೆ ಕುಳಿತು ನೀರಿನಲ್ಲಿ ತೇಲುತ್ತದೆ. ಈ ಚಿಪ್ಪನ್ನು ಅದು ತಾನೇ ಕಟ್ಟಿಕೊಳ್ಳುತ್ತದೆಯೋ, ಅಥವಾ ಸತ್ತ ಬೇರೊಂದು ಪ್ರಾಣಿಯ ಚಿಪ್ಪಿನೊಳಗೆ ಸೇರಿಕೊಳ್ಳುತ್ತದೆಯೋ ಎಂಬುದು ಅಂದಿನ ಪಂಡಿತರ ನಡುವೆ ದೊಡ್ಡ ವಿವಾದವಾಗಿತ್ತು. ಸೀಸೆಯಲ್ಲಿ ಅದ್ದಿಟ್ಟ ಸತ್ತ ಪ್ರಾಣಿಗಳನ್ನು ಎಷ್ಟು ನೋಡಿದರೂ ಅದಕ್ಕೆ ಉತ್ತರ ಸಿಗುವಂತಿರಲಿಲ್ಲ. 1832ರಲ್ಲಿ ಜೀನ್ ಪವರ್ ಗಾಜಿನ ತೊಟ್ಟಿಗಳನ್ನು ಮಾಡಿಸಿ, ಕಡಲ ನೀರು ತುಂಬಿಸಿ, ಜೀವಂತ ಪ್ರಾಣಿಗಳನ್ನು ಕಣ್ಣೆದುರಿಗೇ ಇರಿಸಿಕೊಂಡಳು. ಒಂದರ ಚಿಪ್ಪನ್ನು ಸ್ವಲ್ಪ ಮುರಿದು ಕಾದಳು. ಪ್ರಾಣಿಯು ಅಗಲವಾದ ಹಾಳೆಯಂತಿರುವ ತನ್ನ ಎರಡು ಬಾಹುಗಳಿಂದ ದ್ರವವನ್ನು ಸ್ರವಿಸಿ ಮುರಿದ ಭಾಗವನ್ನು ಮುಚ್ಚಿಕೊಂಡಿತು. ಚಿಪ್ಪು ಎರವಲಿನದಲ್ಲ, ಅದರದೇ ಎಂದು ಸಿದ್ಧವಾಯಿತು.

ಮನೆಯಲ್ಲಿ ಆಕ್ಟೋಪಸ್ ಸಾಕುವವರೆಲ್ಲರಿಗೂ ಈಕೆಯೇ ಹಿರಿಯಳು. ಆದರೆ ಆಕೆಗೆ ಇದ್ದ ಒಂದು ಅನುಕೂಲ ಇತರರಿಗೆ ಸುಲಭವಾಗಿ ಸಿಗುವುದಿಲ್ಲ. ಬಾಗಿಲು ತೆರೆದರೆ ಕಡಲು. ಹಳೆಯ ನೀರು ಕೆಟ್ಟರೆ ಹೊಸ ನೀರು ಕೈಗೆಟುಕುವಷ್ಟು ಹತ್ತಿರ. ಕಡಲಿನಿಂದ ದೂರವಿರುವವನು ಆಕ್ಟೋಪಸ್ಸನ್ನು ತರುವ ಮೊದಲು ಕಡಲನ್ನೇ ಮಾಡಿಕೊಳ್ಳಬೇಕು.

ಆಕ್ಟೋಪಸ್ ಎಂದರೆ ಎಂಟು ಕಾಲುಳ್ಳದ್ದು ಎಂದರ್ಥ. ಇದು ಬಸವನಹುಳು, ಕಪ್ಪೆಚಿಪ್ಪುಗಳ ಬಳಗಕ್ಕೆ ಸೇರಿದ ಮೃದ್ವಂಗಿ. ಇದಕ್ಕೆ ಮೂರು ಹೃದಯಗಳಿವೆ: ಎರಡು ಕಿವಿರುಗಳಿಗೆ ರಕ್ತವನ್ನು ಒತ್ತುತ್ತವೆ, ಮೂರನೆಯದು ಉಳಿದ ದೇಹಕ್ಕೆ ಹರಿಸುತ್ತದೆ. ಸುಮಾರು ಐವತ್ತು ಕೋಟಿ ನರಕೋಶಗಳಲ್ಲಿ ಹೆಚ್ಚಿನ ಪಾಲು ಇರುವುದು ತಲೆಯಲ್ಲಲ್ಲ, ಬಾಹುಗಳಲ್ಲಿ. ಸಾಕಲು ಹೊರಟವನಿಗೆ ಇವೆಲ್ಲಕ್ಕಿಂತ ಮುಖ್ಯವಾದ ಸಂಗತಿ ಮತ್ತೊಂದು. ಇದರ ದೇಹದ ದ್ರವದಲ್ಲಿರುವ ಉಪ್ಪಿನ ಪ್ರಮಾಣವು ಸುತ್ತಲಿನ ನೀರಿನ ಉಪ್ಪನ್ನೇ ಅನುಸರಿಸುತ್ತದೆ. ಮೀನು ತನ್ನ ದೇಹದ ಉಪ್ಪನ್ನು ತಕ್ಕಮಟ್ಟಿಗೆ ಹತೋಟಿಯಲ್ಲಿ ಇಟ್ಟುಕೊಳ್ಳಬಲ್ಲದು. ಆಕ್ಟೋಪಸ್ಸಿಗೆ ಆ ಶಕ್ತಿಯಿಲ್ಲ. ಹೊರಗಿನ ನೀರು ಕೆಟ್ಟರೆ ಒಳಗಿನ ಪ್ರಾಣಿಯೂ ಕೆಟ್ಟಿತೆಂದೇ ತಿಳಿಯಬೇಕು.

ಕಡಲಿನ ಪ್ರತಿಯೊಂದು ಲೀಟರು ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ಮಧ್ಯಮ ಗಾತ್ರದ ಒಂದು ಆಕ್ಟೋಪಸ್ಸಿಗೆ ಕನಿಷ್ಠ 200 ಲೀಟರಿನ ತೊಟ್ಟಿ ಬೇಕಾಗುವುದರಿಂದ, ಮೊದಲ ಸಲ ತುಂಬುವಾಗಲೇ ಏಳು ಕಿಲೋಗ್ರಾಂ ಲವಣ ಕರಗಿಸಬೇಕಾಗುತ್ತದೆ. ಅದು ಅಡುಗೆಯ ಉಪ್ಪಾದರೆ ಸಾಲದು. ಕಡಲ ನೀರಿನಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟಾಸಿಯಂ ಮೊದಲಾದವುಗಳ ಲವಣಗಳೂ ಇರುತ್ತವೆ. ಅವೆಲ್ಲವನ್ನೂ ತಕ್ಕ ಪ್ರಮಾಣದಲ್ಲಿ ಬೆರೆಸಿದ ಮಿಶ್ರಣವನ್ನೇ ಬಳಸಬೇಕು. ಹೊಸಬರು ಇಲ್ಲಿ ಒಂದು ತಪ್ಪು ಮಾಡುವುದುಂಟು. ದಿನ ಕಳೆದಂತೆ ತೊಟ್ಟಿಯ ನೀರು ಆವಿಯಾಗಿ ಮಟ್ಟ ಇಳಿಯುತ್ತದೆ. ಕೂಡಲೇ ಅವರು ಮತ್ತಷ್ಟು ಉಪ್ಪು ನೀರನ್ನು ಸುರಿಯುತ್ತಾರೆ. ಆವಿಯಾಗಿ ಹೋದುದು ಬರಿಯ ನೀರು, ಉಪ್ಪು ಹಿಂದೆಯೇ ಉಳಿದಿದೆ ಎಂಬುದನ್ನು ಮರೆಯುತ್ತಾರೆ. ಹೀಗೆ ತುಂಬುತ್ತ ಹೋದರೆ ಕೆಲವೇ ವಾರಗಳಲ್ಲಿ ನೀರು ಕಡಲಿಗಿಂತಲೂ ಉಪ್ಪಾಗುತ್ತದೆ. ಕಡಿಮೆಯಾದಷ್ಟನ್ನು ಶುದ್ಧವಾದ ಸಿಹಿನೀರಿನಿಂದಲೇ ತುಂಬಬೇಕು.

ಉಪ್ಪು ಸರಿಹೋಯಿತೆಂದ ಮಾತ್ರಕ್ಕೆ ನೀರು ಸಿದ್ಧವಾಗಲಿಲ್ಲ. ಆಕ್ಟೋಪಸ್ ಹೊಟ್ಟೆಬಾಕ ಪ್ರಾಣಿ. ಬಹು ಬೇಗ ಬೆಳೆಯುತ್ತದೆ, ತಿಂದುದಕ್ಕೆ ತಕ್ಕಂತೆ ಹೇರಳವಾಗಿ ಕಲ್ಮಷವನ್ನು ಹೊರಹಾಕುತ್ತದೆ. ಆ ಕಲ್ಮಷದಲ್ಲಿ ಮುಖ್ಯವಾದುದು ಅಮೋನಿಯ. ಅದು ವಿಷ. ವಿಶಾಲವಾದ ಸಾಗರದಲ್ಲಿ ಅಮೋನಿಯ ಕ್ಷಣಾರ್ಧದಲ್ಲಿ ಚದುರಿಹೋಗುತ್ತದೆ. ನಾಲ್ಕು ಗಾಜುಗಳ ನಡುವೆ ಅದು ಎಲ್ಲಿಗೆ ಹೋಗಬೇಕು? ಇಲ್ಲಿ ನೆರವಿಗೆ ಬರುವವು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಗಳು. ಕಲ್ಲು, ಮರಳು ಮತ್ತು ಶೋಧಕದ ಮೇಲೆ ನೆಲೆಯೂರುವ ಇವುಗಳಲ್ಲಿ ಒಂದು ಗುಂಪು ಅಮೋನಿಯವನ್ನು ನೈಟ್ರೈಟಾಗಿ ಮಾರ್ಪಡಿಸುತ್ತದೆ. ನೈಟ್ರೈಟೂ ವಿಷವೇ. ಇನ್ನೊಂದು ಗುಂಪು ಅದನ್ನು ನೈಟ್ರೇಟಾಗಿ ಬದಲಿಸುತ್ತದೆ. ನೈಟ್ರೇಟಿನ ಅಪಾಯ ಅಷ್ಟು ತೀವ್ರವಲ್ಲ; ಆಗಾಗ್ಗೆ ಸ್ವಲ್ಪ ನೀರನ್ನು ಬದಲಾಯಿಸಿ ಅದನ್ನು ಹತೋಟಿಯಲ್ಲಿಡಬಹುದು.

ಈ ಸೂಕ್ಷ್ಮಜೀವಿಗಳ ಸಂಸಾರ ಬೆಳೆಯಲು ಕಾಲ ಹಿಡಿಯುತ್ತದೆ. ಮೀನಿನ ತೊಟ್ಟಿಗೆ ಒಂದು ಒಂದೂವರೆ ತಿಂಗಳು ಸಾಕಾಗಬಹುದು. ಆಕ್ಟೋಪಸ್ ಸಾಕುವವರು ಎರಡು ಮೂರು ತಿಂಗಳಾದರೂ ಕಾಯುತ್ತಾರೆ. ಅಷ್ಟು ದಿನವೂ ತೊಟ್ಟಿಯಲ್ಲಿ ನೋಡುವಂಥದ್ದು ಏನೂ ಇರುವುದಿಲ್ಲ. ನೀರು, ಕಲ್ಲು, ಸದ್ದು ಮಾಡುವ ಪಂಪು, ಇಷ್ಟೇ. ನೆಂಟರು ಬಂದು ಖಾಲಿ ತೊಟ್ಟಿಯನ್ನು ನೋಡಿ ನಕ್ಕು ಹೋಗುತ್ತಾರೆ. ಆಕ್ಟೋಪಸ್ಸಿನ ಅಳಿವು ಉಳಿವು ತೀರ್ಮಾನವಾಗುವುದು ಬಹುಮಟ್ಟಿಗೆ ಈ ಖಾಲಿ ತಿಂಗಳುಗಳಲ್ಲಿಯೇ.

ತಾಮ್ರದ ವಿಷಯದಲ್ಲಿ ಒಂದು ವಿಚಿತ್ರವಿದೆ. ಮನುಷ್ಯನ ರಕ್ತದಲ್ಲಿ ಆಮ್ಲಜನಕವನ್ನು ಹೊರುವುದು ಕಬ್ಬಿಣವುಳ್ಳ ಹಿಮೊಗ್ಲೋಬಿನ್. ಆಕ್ಟೋಪಸ್ಸಿನ ರಕ್ತದಲ್ಲಿ ಆ ಕೆಲಸವನ್ನು ತಾಮ್ರವುಳ್ಳ ಹಿಮೊಸಯನಿನ್ ಮಾಡುತ್ತದೆ. ಆದ್ದರಿಂದಲೇ ಅದರ ರಕ್ತ ನೀಲಿ. ಹೀಗೆ ತಾಮ್ರದಿಂದಲೇ ಉಸಿರಾಡುವ ಈ ಪ್ರಾಣಿಗೆ ನೀರಿನಲ್ಲಿ ಕರಗಿದ ತಾಮ್ರವು, ಅತ್ಯಲ್ಪವಾದರೂ, ಪ್ರಾಣಾಂತಿಕವಾದ ವಿಷ. ಮೀನಿನ ರೋಗಗಳಿಗೆ ಹಾಕುವ ಕೆಲವು ಔಷಧಿಗಳಲ್ಲಿ ತಾಮ್ರವಿರುತ್ತದೆ. ಅಂತಹ ಔಷಧಿಯನ್ನು ಒಮ್ಮೆ ಬಳಸಿದ ತೊಟ್ಟಿಯನ್ನು ಆಕ್ಟೋಪಸ್ಸಿಗೆ ಕೊಡದಿರುವುದೇ ಕ್ಷೇಮ. ಹಿಮೊಸಯನಿನ್ ಹೊರುವ ಆಮ್ಲಜನಕವೂ ಕಡಿಮೆ. ಆದುದರಿಂದ ನೀರಿಗೆ ಸದಾ ಗಾಳಿ ಸೇರುತ್ತಿರಬೇಕು, ನೀರು ತಂಪಾಗಿಯೂ ಇರಬೇಕು. ಮನೆಗಳಲ್ಲಿ ಸಾಕಲು ಅಮೆರಿಕದಲ್ಲಿ ಬಹಳ ಮಂದಿ ಆರಿಸುವ ಕ್ಯಾಲಿಫೋರ್ನಿಯಾದ ಎರಡು ಚುಕ್ಕೆಯ ಆಕ್ಟೋಪಸ್ಸಿಗೆ ಸುಮಾರು 18ರಿಂದ 22 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಹಿತಕರ. ಬೇಸಗೆಯ ಬಿಸಿ ಹೆಚ್ಚಿರುವ ಊರುಗಳಲ್ಲಿ ನೀರನ್ನು ತಣಿಸುವ ಯಂತ್ರವಿಲ್ಲದೆ ಇದು ಸಾಧ್ಯವಾಗದು.

ತೊಟ್ಟಿಯ ಮುಚ್ಚಳದ ಮಹತ್ವವನ್ನು ಅರಿಯಲು ಇಂಗ್ಲೆಂಡಿನ ಬ್ರೈಟನ್ ನಗರದ ಒಂದು ಘಟನೆ ಸಾಕು. 1872ರಲ್ಲಿ ಅಲ್ಲಿ ಸಾರ್ವಜನಿಕರಿಗಾಗಿ ದೊಡ್ಡ ಅಕ್ವೇರಿಯಂ ಒಂದು ತೆರೆಯಲ್ಪಟ್ಟಿತು. ಕೆಲಕಾಲದ ಮೇಲೆ ಒಂದು ತೊಟ್ಟಿಯಲ್ಲಿದ್ದ ಲಂಪ್ ಎಂಬ ಮೀನುಗಳು ಒಂದೊಂದಾಗಿ ಕಾಣೆಯಾಗತೊಡಗಿದವು. ಕಳ್ಳನ ಗುರುತು ಎಲ್ಲಿಯೂ ಸಿಗಲಿಲ್ಲ. ಒಂದು ಬೆಳಿಗ್ಗೆ ನೋಡಿದರೆ ಪಕ್ಕದ ತೊಟ್ಟಿಯ ಆಕ್ಟೋಪಸ್ ಮೀನುಗಳ ತೊಟ್ಟಿಯಲ್ಲಿ ಕುಳಿತಿತ್ತು! ರಾತ್ರಿ ಗೋಡೆ ದಾಟಿ ಬಂದು, ಹೊಟ್ಟೆ ತುಂಬಿಸಿಕೊಂಡು, ಬೆಳಗಾಗುವುದರೊಳಗೆ ಹಿಂದಿರುಗುತ್ತಿದ್ದ ಅದು ಅಂದು ತಡಮಾಡಿ ಸಿಕ್ಕಿಬಿದ್ದಿತ್ತು. ಅಲ್ಲಿನ ಪ್ರಕೃತಿವಿಜ್ಞಾನಿ ಹೆನ್ರಿ ಲೀ ಇದನ್ನು 1875ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ದಾಖಲಿಸಿದ್ದಾನೆ. 2016ರಲ್ಲಿ ನ್ಯೂಜಿಲೆಂಡಿನ ನೇಪಿಯರ್ ನಗರದ ಅಕ್ವೇರಿಯಂನಲ್ಲಿದ್ದ ಇಂಕಿ ಎಂಬ ಆಕ್ಟೋಪಸ್ ಇನ್ನೂ ಮುಂದೆ ಹೋಯಿತು. ತೊಟ್ಟಿಯ ಮೇಲ್ಭಾಗದ ಸಣ್ಣ ಸಂದಿಯಿಂದ ಹೊರಬಂದು, ನೆಲದ ಮೇಲೆ ತೆವಳಿ, ಸುಮಾರು 50 ಮೀಟರ್ ಉದ್ದದ ಚರಂಡಿ ಕೊಳವೆಯೊಳಗೆ ನುಸುಳಿ ಕಡಲು ಸೇರಿತು.

ಆಕ್ಟೋಪಸ್ಸಿಗೆ ಎಲುಬಿಲ್ಲ. ದೇಹದಲ್ಲಿ ಗಟ್ಟಿಯಾದ ಭಾಗವೆಂದರೆ ಗಿಳಿಯ ಕೊಕ್ಕಿನಂತಹ ಬಾಯಿ ಒಂದೇ. ಅದು ತೂರುವಷ್ಟು ರಂಧ್ರವಿದ್ದರೆ ಉಳಿದ ದೇಹವೂ ಹಿಂದೆಯೇ ತೂರುತ್ತದೆ. ಮನೆಯ ತೊಟ್ಟಿಯಿಂದ ಹೀಗೆ ಹೊರಬಂದ ಪ್ರಾಣಿಗೆ ಕಡಲು ಸಿಗುವುದಿಲ್ಲ, ಒಣನೆಲ ಸಿಗುತ್ತದೆ. ಆದ್ದರಿಂದ ಮುಚ್ಚಳ ಭಾರವಾಗಿರಬೇಕು, ಅದಕ್ಕೆ ಭದ್ರವಾದ ಚಿಲಕವಿರಬೇಕು. ಕೊಳವೆಗಳೂ ತಂತಿಗಳೂ ಒಳಗೆ ಹೋಗುವ ಸಂದಿಗಳನ್ನೂ ಮುಚ್ಚಬೇಕು. ಪಂಪು ನೀರೆಳೆಯುವ ಬಾಯಿಗೆ ಸ್ಪಂಜನ್ನು ಕಟ್ಟದಿದ್ದರೆ ಬಾಹುವಿನ ತುದಿ ಸಿಕ್ಕಿಕೊಳ್ಳುವ ಭಯವುಂಟು.

ಇನ್ನು ಒಳಗಿನ ಏರ್ಪಾಡು ಸರಳ. ಅಡಗಿಕೊಳ್ಳಲು ಕಲ್ಲಿನ ಗವಿ ಅಥವಾ ಮಣ್ಣಿನ ಕುಡಿಕೆ, ಮಂದವಾದ ಬೆಳಕು. ಜೊತೆಗೆ ಇನ್ನೊಂದು ಆಕ್ಟೋಪಸ್ಸನ್ನು ಬಿಡಬಾರದು. ಒಂದು ಇನ್ನೊಂದನ್ನು ತಿನ್ನುವುದೇ ಹೆಚ್ಚು.

ಏಡಿ, ಸೀಗಡಿ, ಕಪ್ಪೆಚಿಪ್ಪುಗಳು ಇದರ ಆಹಾರ. ಅವನ್ನು ಸುಮ್ಮನೆ ಎಸೆಯುವುದಕ್ಕಿಂತ ತಿರುಪಿನ ಮುಚ್ಚಳದ ಗಾಜಿನ ಸೀಸೆಯಲ್ಲಿಟ್ಟು ಕೊಡುವ ಪದ್ಧತಿಯಿದೆ. ಆಕ್ಟೋಪಸ್ ಸೀಸೆಯನ್ನು ಅಪ್ಪಿಕೊಂಡು, ತಡವಿ ನೋಡಿ, ಮುಚ್ಚಳವನ್ನು ತಿರುಗಿಸಿ ತೆಗೆಯಲು ಕಲಿಯುತ್ತದೆ. ಇದು ಬರಿಯ ವಿನೋದವಲ್ಲ. ಕೆಲಸವಿಲ್ಲದ ಆಕ್ಟೋಪಸ್ ಮಂಕಾಗುತ್ತದೆ, ಇಲ್ಲವೇ ಕೊಳವೆಗಳನ್ನು ಕಿತ್ತು ಹಾಕುತ್ತದೆ. ಬೆದರಿದಾಗ ಅದು ಮಸಿಯನ್ನು ಕಾರುವುದು ಎಲ್ಲರಿಗೂ ತಿಳಿದುದೇ. ಕಡಲಿನಲ್ಲಿ ಆ ಮಸಿ ಶತ್ರುವಿನ ಕಣ್ಣು ತಪ್ಪಿಸುತ್ತದೆ. ತೊಟ್ಟಿಯಲ್ಲಾದರೋ ಅದರದೇ ಕಿವಿರುಗಳಿಗೆ ಅಂಟಿಕೊಂಡು ಉಸಿರು ಕಟ್ಟಿಸಬಹುದು. ಅಂತಹ ಸಂದರ್ಭದಲ್ಲಿ ತಡಮಾಡದೆ ನೀರನ್ನು ಬದಲಾಯಿಸಬೇಕು. ಗಾಜನ್ನು ಬಡಿಯುವ ಮಕ್ಕಳನ್ನು ದೂರವಿಡುವುದು ಅದಕ್ಕಿಂತಲೂ ಲೇಸು. ನೀಲಿಯುಂಗುರದ ಆಕ್ಟೋಪಸ್ ಎಂಬ ಪುಟ್ಟ ಜಾತಿಯನ್ನಂತೂ ಯಾರೂ ಮನೆಗೆ ತರಲೇಬಾರದು. ಅದರ ಕಡಿತದಿಂದ ಮನುಷ್ಯನ ಉಸಿರಾಟ ನಿಲ್ಲಬಹುದು. ಆ ವಿಷಕ್ಕೆ ಪ್ರತ್ಯೌಷಧವಿಲ್ಲ.

ಇಷ್ಟೆಲ್ಲ ಎಚ್ಚರದಿಂದ ಸಾಕಿದರೂ ಎರಡು ಚುಕ್ಕೆಯ ಆಕ್ಟೋಪಸ್ ಬದುಕುವುದು ಒಂದೆರಡು ವರ್ಷ ಮಾತ್ರ. ತನ್ನ ಒಡೆಯನನ್ನು ಗುರುತಿಸಿ ಗಾಜಿನ ಬಳಿಗೆ ಬರುವಷ್ಟು ಸಲಿಗೆ ಬೆಳೆಯುವ ಹೊತ್ತಿಗೆ ಅದಕ್ಕೆ ಮುಪ್ಪು ಆವರಿಸುತ್ತದೆ. ಗಂಡಿನ ಮೈಬಣ್ಣ ಮಾಸಿ, ಆಹಾರದ ಮೇಲಿನ ಆಸೆ ಹೋಗುತ್ತದೆ. ಹೆಣ್ಣು ಗವಿಯೊಳಗೆ ಮೊಟ್ಟೆಯಿಟ್ಟು, ಹಗಲಿರುಳೂ ಅವುಗಳ ಮೇಲೆ ಶುದ್ಧ ನೀರನ್ನು ಹಾಯಿಸುತ್ತ, ಬಾಹುಗಳಿಂದ ನೇವರಿಸಿ ಶುಚಿಮಾಡುತ್ತ ಕುಳಿತುಬಿಡುತ್ತದೆ. ಬರಬರುತ್ತ ಉಣ್ಣುವುದನ್ನೇ ನಿಲ್ಲಿಸುತ್ತದೆ. ಇದು ನೀರಿನ ದೋಷದಿಂದ ಬಂದುದಲ್ಲ. ಕಣ್ಣುಗಳ ಸಮೀಪದಲ್ಲಿರುವ ಒಂದು ಜೊತೆ ಗ್ರಂಥಿಗಳೇ ಇದಕ್ಕೆ ಕಾರಣವೆಂದು 1977ರಲ್ಲಿ ಜೆರೋಮ್ ವೊಡಿನ್‌ಸ್ಕಿ ಎಂಬ ವಿಜ್ಞಾನಿ ತೋರಿಸಿದ. ಆ ಗ್ರಂಥಿಗಳನ್ನು ತೆಗೆದುಹಾಕಿದಾಗ ಮೊಟ್ಟೆ ಕಾಯುತ್ತಿದ್ದ ತಾಯಿ ಅವುಗಳನ್ನು ಬಿಟ್ಟು, ಮತ್ತೆ ಆಹಾರ ತಿಂದು, ಹೆಚ್ಚು ಕಾಲ ಬದುಕಿತು.

ಮನೆಯಲ್ಲಿ ಸಾಕುವವನಿಗೆ ಆಗ ಉಳಿಯುವ ಕೆಲಸ ನೀರನ್ನು ಮೊದಲಿನಂತೆಯೇ ನೋಡಿಕೊಳ್ಳುವುದು. ಈ ಜಾತಿಯ ಮೊಟ್ಟೆಗಳು ದೊಡ್ಡವು; ಅವುಗಳಿಂದ ಹೊರಬರುವ ಮರಿಗಳು ನೀರಿನ ಮೇಲೆ ತೇಲುತ್ತ ಅಲೆಯದೆ, ತಾಯಿಯಂತೆಯೇ ತಳವನ್ನು ಹಿಡಿದು ತೆವಳುತ್ತವೆ. ತಾಯಿ ಸಾಯುವ ಹೊತ್ತಿಗೆ ಅವು ಹೊರಬರುತ್ತವೆ. ಒಟ್ಟಿಗೆ ಬಿಟ್ಟರೆ ಬಲವಾದುದು ಬಡವಾದುದನ್ನು ತಿನ್ನುತ್ತದೆ. ಆದುದರಿಂದ ಅವುಗಳನ್ನು ಒಂದೊಂದಾಗಿ ಎತ್ತಿ, ಬೇರೆ ಬೇರೆ ಪುಟ್ಟ ಬಟ್ಟಲುಗಳಲ್ಲಿಟ್ಟು, ಅವುಗಳ ಬಾಯಿಗೆ ಹಿಡಿಸುವಷ್ಟು ಚಿಕ್ಕ ಸೀಗಡಿಮರಿಗಳನ್ನು ಹುಡುಕಿ ತಂದು ಹಾಕಬೇಕಾಗುತ್ತದೆ.