ಮತ್ರಾ ಸೂಕ್‌ನ ಅರಬ್ಬಿ: ಹೊಸಬರಿಗೆ ಏಳು ಸೂತ್ರಗಳು

ಒಮಾನ್‌ನ ಮಸ್ಕತ್‌ನಲ್ಲಿರುವ ಮತ್ರಾ ಸೂಕ್‌ನ (ಮಾರುಕಟ್ಟೆಯ) ಅಂಗಡಿಗಳಲ್ಲಿ ನಮ್ಮ ಕಡೆಯವರು ಒಮಾನಿಗಳ ಜೊತೆ ಆಡುವ ಅರಬ್ಬಿಯನ್ನು ಯಾವ ಪಂಡಿತರೂ ಕೂತು ರಚಿಸಿದ್ದಲ್ಲ. ಭಾರತ, ಪಾಕಿಸ್ತಾನ, ಬಾಂಗ್ಲಾದೇಶದಿಂದ ಬಂದ ದುಡಿಯುವ ಜನ ಅರಬರೊಡನೆ ಸೇರಿ ವ್ಯವಹಾರದ ನಡುವೆಯೇ ಕಟ್ಟಿಕೊಂಡ ಭಾಷೆ ಅದು. ‘ಗಲ್ಫ್ ಪಿಡ್ಜಿನ್ ಅರಬ್ಬಿ’ ಎಂದು ಹೆಸರಿಟ್ಟು ವಿದ್ವಾಂಸರು ಅದನ್ನು ಅಧ್ಯಯನ ಮಾಡಿದ್ದಾರೆ, ಜೆ. ಆರ್. ಸ್ಮಾರ್ಟ್ ಅವರ ಮೊದಲ ವರದಿ ಬಂದದ್ದು 1990ರಲ್ಲಿ. ಕೆಲಸಕ್ಕೆಂದು ಬಂದ ಕನ್ನಡಿಗರು ಮೊದಲು ಇದನ್ನೇ ಕಲಿಯಲಿ. ಆದರೆ ಇಲ್ಲಿಗೇ ನಿಲ್ಲಬಾರದು.

1. ಮೂರು ಸರ್ವನಾಮ ಬಾಯಿಪಾಠ ಮಾಡಿ: ಅನಾ (ನಾನು), ಇಂತಾ (ನೀನು), ಹುವ್ವಾ (ಅವನು). ಸೂಕ್ ಅರಬ್ಬಿಯಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಬದಲಾಗುವುದಿಲ್ಲ. ಅನಾ ಯರೂಹ್, ಇಂತಾ ಯರೂಹ್, ಹುವ್ವಾ ಯರೂಹ್. ‘ಯರೂಹ್’ ಅಂದರೆ ಅಸಲಿಗೆ ‘ಅವನು ಹೋಗುತ್ತಾನೆ’. ಇಲ್ಲಿ ಅದೊಂದೇ ರೂಪ ಎಲ್ಲರಿಗೂ ಸಾಕು.

2. ಸರ್ವನಾಮ ನುಂಗಬೇಡಿ. ಕನ್ನಡದಲ್ಲಿ ‘ಹೋಗ್ತೀನಿ’ ಎಂದರೆ ಸಾಕು, ನಾನೇ ಎಂದು ತಿಳಿಯುತ್ತದೆ. ಆ ಅಭ್ಯಾಸದಲ್ಲಿ ಬರೀ ‘ಮಾಫೀ ರೂಹ್’ ಎಂದರೆ, ‘ನಾನು ಹೋಗಲ್ಲ’ ಅಂದಿರೋ ‘ನೀನು ಹೋಗಬೇಡ’ ಅಂದಿರೋ, ಕೇಳಿದವರಿಗೆ ಗೊತ್ತಾಗದು.

3. ಕಾಲ ತೋರಿಸಲು ಅಮ್ಸ್ (ನಿನ್ನೆ), ಬುಕ್ರಾ (ನಾಳೆ), ಅವ್ವಲ್ (ಮೊದಲು). ಇಷ್ಟರಲ್ಲೇ ಸಂಸಾರ ನಡೆಯುತ್ತದೆ.

4. ಹೆಂಗಸರ ಹತ್ತಿರ ‘ಇಂತಿ’ ಎನ್ನಿ. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಸೂತ್ರ ಇದು. ನಮ್ಮ ‘ನೀನು’ವಿಗೆ ಗಂಡು ಹೆಣ್ಣು ಭೇದವಿಲ್ಲ, ಅರಬ್ಬಿಯಲ್ಲಿ ಇದೆ. ಬಟ್ಟೆ ಅಂಗಡಿಗೆ ಬಂದ ಒಮಾನಿ ತಾಯಿಯನ್ನು ‘ತಆಲ್, ಶೂಫ್’ (ಬಾ, ನೋಡು) ಎಂದು ಕರೆದರೆ ಗಂಡಸನ್ನು ಕರೆದ ಹಾಗೆ. ಕೊನೆಗೊಂದು ‘ಇ’ ಸೇರಿಸಿ: ತಆಲಿ, ಶೂಫಿ. ಇಷ್ಟು ಸಣ್ಣ ಸ್ವರಕ್ಕೆ ಗಿರಾಕಿಯ ಮುಖ ಅರಳುವುದನ್ನು ಗಮನಿಸಿ. ಅವರ ಮಾತನ್ನು ನೀವು ಕಿವಿಗೊಟ್ಟು ಕಲಿತಿದ್ದೀರಿ ಎಂಬುದಕ್ಕೆ ಅದೇ ಸಾಕ್ಷಿ.

5. ‘ಅದು’ ಹುಡುಕಬೇಡಿ. ಅರಬ್ಬಿಯಲ್ಲಿ ನಪುಂಸಕಲಿಂಗ ಇಲ್ಲ. ಸಯ್ಯಾರಾ (ಕಾರು) ಹೆಣ್ಣು, ಹಿಯ್ಯಾ (ಅವಳು); ಖಂಜರ್ (ಬಾಕು) ಗಂಡು, ಹುವ್ವಾ. ‘ನೀವು’ ಎಂಬ ಗೌರವದ ಬಹುವಚನವನ್ನೂ ದಿನದ ಮಾತಿಗೆ ಎಳೆದು ತರಬೇಡಿ. ಹಿರಿಯರಿಗೂ ‘ಇಂತಾ’ ನಡೆಯುತ್ತದೆ, ಮುಂದೆ ‘ಯಾ ಅಮ್ಮಿ’ (ಚಿಕ್ಕಪ್ಪ, ದೊಡ್ಡಪ್ಪ) ಇದ್ದರೆ ಮರ್ಯಾದೆಗೆ ಕೊರತೆಯಿಲ್ಲ.

6. ಬಾಯಿ ಪಳಗಿದ ಮೇಲೆ ಒಂದೇ ಒಂದು ಕ್ರಿಯಾಪದ ಹಿಡಿದು ಪೂರ್ತಿ ರೂಪ ಕಲಿಯಿರಿ. ಅನಾ ಅರೂಹ್, ಇಂತಾ ತ್ರೂಹ್, ಇಂತಿ ತ್ರೂಹಿ, ಹುವ್ವಾ ಯರೂಹ್, ಹಿಯ್ಯಾ ತ್ರೂಹ್. ‘ನಾವು’ ಎನ್ನಲು ನರೂಹ್. ಕನ್ನಡದಲ್ಲಿ ಕ್ರಿಯಾಪದದ ಬಾಲ ನೋಡಿ ಆಳು ಗುರುತಿಸುತ್ತೇವೆ. ಇಲ್ಲಿ ಹೆಚ್ಚಾಗಿ ತಲೆ ನೋಡಬೇಕು. ಅದೇ ಅಚ್ಚಿನಲ್ಲಿ ‘ನೋಡು’ ಕೂಡ ಬರುತ್ತದೆ: ಅಶೂಫ್, ತ್‌ಶೂಫ್, ಯಶೂಫ್. ಒಂದು ಬಂದರೆ ಇಂಥ ಹಲವು ಬಂದ ಹಾಗೆಯೇ.

7. ಮತ್ರಾದ ವ್ಯಾಪಾರಸ್ಥರಲ್ಲಿ ಹಿಂದಿ ಬಲ್ಲವರು ಬಹಳ. ನೀವು ತಡವರಿಸಿದ ಕೂಡಲೇ ಅವರು ಹಿಂದಿಗೆ ಹೊರಳುತ್ತಾರೆ, ಉಪಕಾರವೆಂದೇ. ಥ್ಯಾಂಕ್ಸ್ ಹೇಳಿ ಅರಬ್ಬಿಯಲ್ಲೇ ಉತ್ತರಿಸಿ. ನಿಮ್ಮ ‘ಅನಾ ಯರೂಹ್’ ಅನ್ನು ‘ಅರೂಹ್’ ಎಂದು ತಿದ್ದುವವರು ಸಿಕ್ಕರೆ, ಮರುದಿನವೂ ಅವರ ಅಂಗಡಿಗೇ ಹೋಗಿ.