ಒಂದು ಒಂಬತ್ತಾಗಿ ಕಂಡಾಗ

ಮಹಾರಾಷ್ಟ್ರದ ಓಝರ್‌ನ ಎಚ್‌ಎಎಲ್‌ಗೆ ಬೆಂಗಳೂರಿನಿಂದ ವರ್ಗವಾಗಿ ಬಂದವರಿರಲಿ, ಸಂಭಾಜಿನಗರದ ವಾಳೂಜ್‌ನಲ್ಲಿ ಕೆಲಸ ಹಿಡಿದವರಿರಲಿ, ಮನೆ ಸಿಕ್ಕ ಮೇಲೆ ಹುಡುಕುವುದು ಶಾಲೆ. ಗೊಂದಲ ಶುರುವಾಗುವುದು ಅಲ್ಲಿಂದ. ಮರಾಠಿ ಮಾಧ್ಯಮದ ಗಣಿತ ಪುಸ್ತಕ ತೆರೆದ ಆರನೆಯ ತರಗತಿಯ ಮಗುವಿಗೆ ದೇವನಾಗರಿಯ ಒಂದು 9ರಂತೆ ಕಾಣುತ್ತದೆ. ಊರಿನಲ್ಲಿ ಕಲಿತ ಲ.ಸಾ.ಅ. ಇಲ್ಲಿ ‘ಲಸಾವಿ’, ಮ.ಸಾ.ಅ. ‘ಮಸಾವಿ’. ಲೆಕ್ಕ ಗೊತ್ತು, ಪ್ರಶ್ನೆ ಗೊತ್ತಾಗದು. ಗಣಿತ, ವಿಜ್ಞಾನಗಳನ್ನು ಇಂಗ್ಲಿಷಿನಲ್ಲಿ ಕಲಿಸುವ ‘ಸೆಮಿ-ಇಂಗ್ಲಿಷ್’ ತರಗತಿಯನ್ನು ಅನೇಕರು ಆರಿಸಿಕೊಳ್ಳುವುದರಲ್ಲಿ ಆಶ್ಚರ್ಯವಿಲ್ಲ.

ಇಷ್ಟರಲ್ಲೇ ‘ಚಾಚಣಿ’ ಬಂತೆಂದು ಶಾಲೆಯಿಂದ ಚೀಟಿ ಬರುತ್ತದೆ. ಸ್ಥಳೀಯ ಸಂಸ್ಥೆಗಳ ಹಾಗೂ ಅನುದಾನಿತ ಶಾಲೆಗಳಲ್ಲಿ ಪುಣೆಯ ಎಸ್‌ಸಿಇಆರ್‌ಟಿ (ರಾಜ್ಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಮಂಡಳಿ) ನಡೆಸುವ ನಿಯತಕಾಲಿಕ ಪರೀಕ್ಷೆ ಇದು. ಪ್ರಥಮ ಭಾಷೆ, ಗಣಿತ, ಇಂಗ್ಲಿಷ್ ಮೂರೇ ವಿಷಯ. ವರ್ಷಾರಂಭದ ‘ಪಾಯಾಭೂತ’ (ಬುನಾದಿ) ಚಾಚಣಿ ಕೇಳುವುದು ಹಿಂದಿನ ತರಗತಿಯ ಪಾಠ. ಕರ್ನಾಟಕದ ಪಠ್ಯ ಓದಿ ಬಂದ ಮಗುವಿಗೆ ಅಂಕ ಕಡಿಮೆ ಬಿದ್ದರೆ ಅದನ್ನೇ ದಡ್ಡತನವೆಂದು ಹಣೆಗೆ ಹಚ್ಚಬಾರದು. 2024ರ ಡಿಸೆಂಬರ್ 4ರಂದು ದೇಶದಾದ್ಯಂತ 3, 6, 9ನೆಯ ತರಗತಿಗಳಿಗೆ ನಡೆದ ‘ಪರಖ್’ ಸಮೀಕ್ಷೆಯಂತೂ ಆಯ್ದ ಶಾಲೆಗಳ ಮೂಲಕ ಜಿಲ್ಲೆಯನ್ನು ತೂಗುವಂಥದ್ದು. ಅದರಲ್ಲಿ ಯಾವ ಮಗುವಿನ ರ‍್ಯಾಂಕೂ ಇಲ್ಲ.

ಮನೆಮನೆಯಲ್ಲಿ ಚರ್ಚೆಯಾಗುವುದು ಬೇರೆಯೇ: ಶಿಷ್ಯವೃತ್ತಿ ಪರೀಕ್ಷೆ. ಹಿಂದೆ 4 ಮತ್ತು 7ನೆಯ ತರಗತಿಗಳಿಗಿದ್ದು, ಆಮೇಲೆ 5 ಮತ್ತು 8ಕ್ಕೆ ಸರಿದು, 2025ರ ಸರ್ಕಾರಿ ಆದೇಶದಿಂದ ಮತ್ತೆ 4 ಮತ್ತು 7ಕ್ಕೆ ಮರಳಿದೆ. ನೆರೆಮನೆಯವರ ಹಳೆಯ ಅನುಭವ ನೆಚ್ಚಿಕೊಳ್ಳದೆ ಆ ವರ್ಷದ ಸುತ್ತೋಲೆ ನೋಡುವುದು ಲೇಸು. ತಲಾ 150 ಅಂಕಗಳ ಎರಡು ಪತ್ರಿಕೆ, ಒಂದೊಂದಕ್ಕೂ ಒಂದೂವರೆ ಗಂಟೆ, 75 ಪ್ರಶ್ನೆ. ಅರ್ಹತೆಗೆ ಪ್ರತಿ ಪತ್ರಿಕೆಯಲ್ಲೂ ಶೇ. 40 ಬೇಕು. ಎಂಟನೆಯವರ ಪತ್ರಿಕೆಯಲ್ಲಿ ಒಂದು ಕೊಕ್ಕೆಯಿತ್ತು: ಶೇ. 20ರಷ್ಟು ಪ್ರಶ್ನೆಗಳಿಗೆ ನಾಲ್ಕರಲ್ಲಿ ಎರಡು ಉತ್ತರ ಸರಿ, ಎರಡೂ ವೃತ್ತ ತುಂಬಿದರೇ ಅಂಕ. ಮೊದಲ ಸರಿಯುತ್ತರ ಸಿಕ್ಕ ಕೂಡಲೇ ಮುಂದಕ್ಕೆ ಓಡುವ ಚುರುಕು ಮಕ್ಕಳೇ ಇಲ್ಲಿ ಎಡವುತ್ತಿದ್ದರು. ಹಳೆಯ ಪ್ರಶ್ನೆಪತ್ರಿಕೆ, ಒಂದು ಓಎಂಆರ್ ಹಾಳೆ, ಗಡಿಯಾರ ಇಟ್ಟುಕೊಂಡು ಅಡುಗೆಮನೆಯ ಮೇಜಿನ ಮೇಲೆ ಮಾಡಿಸುವ ಅಭ್ಯಾಸ ದುಬಾರಿ ಕ್ಲಾಸಿಗಿಂತ ಉಪಯುಕ್ತ.

ಈ ಪರೀಕ್ಷೆಯ ಏಳು ಮಾಧ್ಯಮಗಳಲ್ಲಿ ಕನ್ನಡವೂ ಒಂದು. ಹಾಗೆಂದು ಹಿಗ್ಗುವಂತಿಲ್ಲ, ಮಗು ಬರೆಯುವುದು ತನ್ನ ಶಾಲೆಯ ಮಾಧ್ಯಮದಲ್ಲಿ, ಕನ್ನಡ ಶಾಲೆಗಳು ಹೆಚ್ಚಾಗಿ ಗಡಿಭಾಗದ ಜತ್ತ, ಅಕ್ಕಲಕೋಟೆಯ ಕಡೆ. ಸಂಭಾಜಿನಗರ ಜಿಲ್ಲೆಯಲ್ಲಿ ‘ಕನ್ನಡ’ ಹೆಸರಿನ ತಾಲ್ಲೂಕೇ ಇದೆ, ಮಾತು ಮಾತ್ರ ಮರಾಠಿ!

ವಾರ್ಷಿಕ ಆದಾಯ ಮೂರೂವರೆ ಲಕ್ಷ ಮೀರದ ಮನೆಯವರು ಎಂಟನೆಯ ತರಗತಿಯಲ್ಲಿ ಎನ್‌ಎಂಎಂಎಸ್ ವಿದ್ಯಾರ್ಥಿವೇತನ ಪರೀಕ್ಷೆ ಮರೆಯಬಾರದು. ಗೆದ್ದರೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ. ಅನುದಾನರಹಿತ ಖಾಸಗಿ ಶಾಲೆಗೆ ಸೇರಿಸಿದವರಿಗೆ ಇದು ದಕ್ಕದು, ಆದ್ದರಿಂದ ಶಾಲೆ ಆರಿಸುವಾಗಲೇ ಲೆಕ್ಕ ಹಾಕಬೇಕು.

ಇನ್ನು ಉತ್ತೀರ್ಣತೆಯ ಮಾತು. 2024ರ ಏಪ್ರಿಲ್‌ನಲ್ಲಿ ಕರ್ನಾಟಕದ 5, 8ರ ಬೋರ್ಡ್ ಪರೀಕ್ಷೆಯ ಫಲಿತಾಂಶಕ್ಕೆ ಸುಪ್ರೀಂ ಕೋರ್ಟ್ ತಡೆ ಕೊಟ್ಟದ್ದು ಹಲವರ ನೆನಪಿನಲ್ಲಿದೆ. ಮಹಾರಾಷ್ಟ್ರದಲ್ಲಿ ಶಿಕ್ಷಣ ಹಕ್ಕು ನಿಯಮಗಳ 2023ರ ತಿದ್ದುಪಡಿಯ ಪ್ರಕಾರ ಐದು ಮತ್ತು ಎಂಟರಲ್ಲಿ ವಾರ್ಷಿಕ ಪರೀಕ್ಷೆ ಪಾಸಾಗಲೇಬೇಕು. ತಪ್ಪಿದರೆ ಮರುಪರೀಕ್ಷೆಯ ಅವಕಾಶವಿದೆ. ಬೇಸಿಗೆ ರಜೆಗೆ ಊರಿನ ಟಿಕೆಟ್ ಕಾಯ್ದಿರಿಸುವ ಮೊದಲು ಫಲಿತಾಂಶದ ದಿನ, ಮರುಪರೀಕ್ಷೆಯ ದಿನ ಎರಡನ್ನೂ ತರಗತಿ ಶಿಕ್ಷಕರ ಹತ್ತಿರ ಬರೆಸಿಕೊಂಡು ಬರುವುದು ಒಳ್ಳೆಯದು.